ಅಳಿವೆ ದಾಟಿ ಕಡಲಿಗೆ: 9.9 ಎಚ್‌ಪಿ ಔಟ್‌ಬೋರ್ಡ್ ದೋಣಿಯ ತಯಾರಿ ಹೇಗೆ?

ಹೊಳೆಸಾಲು: 20 ಅಡಿ ಫೈಬರ್ ದೋಣಿ, 9.9 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್). ಈವರೆಗೆ ಉಡುಪಿಯ ಸ್ವರ್ಣಾ ಹೊಳೆಯಲ್ಲಷ್ಟೇ ಓಡಿಸಿದ್ದು. ಮಳೆಗಾಲ ಕಳೆದ ಮೇಲೆ ಹೊಳೆ ಕಡಲು ಸೇರುವ ಕೋಡಿಬೆಂಗ್ರೆ ಅಳಿವೆ ದಾಟಿ ಗಾಳ ಹಾಕಲು ಹೋಗುವ ಯೋಚನೆ, ನಾಲ್ಕು ಜನ. ಯಾವ ಹೊತ್ತಿಗೆ ದಾಟಬೇಕು? ಏನೇನು ಇಟ್ಟುಕೊಳ್ಳಬೇಕು?

ತಾಂಡೇಲ: ಮೊದಲು ಹೊತ್ತು ನೋಡಿ, ಸಾಮಾನು ಆಮೇಲೆ. ಇಳಿತದ ನೀರು ಹೊರಗೋಡುವಾಗ ಒಳಬರುವ ಅಲೆಗೆ ಎದುರು ಬೀಳುತ್ತದೆ. ಆಗ ಅಲೆ ಕಡಿದಾಗಿ ಎದ್ದು ಮರಳದಿಬ್ಬದ ಮೇಲೆ ಒಡೆಯುತ್ತದೆ, ಗಾಳಿ ಇಲ್ಲದ ದಿನವೂ. ಉಬ್ಬರ ತುಂಬುವ ಕೊನೆಯ ಗಂಟೆಯಲ್ಲಿ ದಾಟಿ. ಮರಳುವ ಹೊತ್ತನ್ನೂ ಈಗಲೇ ಲೆಕ್ಕ ಹಾಕಿ: ಉಬ್ಬರ ತುಂಬಿ ಸುಮಾರು ಆರು ತಾಸು ಕಳೆದರೆ ಪೂರ್ತಿ ಇಳಿತ, ಮಧ್ಯಾಹ್ನದ ಮೇಲೆ ಪಡುಗಾಳಿ ಬೇರೆ. ಮಳೆಗಾಲದಲ್ಲಿ ದಿಬ್ಬ ಜಾಗ ಬದಲಿಸಿರುತ್ತದೆ, ಹಾಗಾಗಿ ಈ ವರ್ಷದ ದಾರಿಯನ್ನು ಅಲ್ಲಿನ ನಾಡದೋಣಿಯವರಲ್ಲಿ ಕೇಳಿ.

ನನಗೆ ಹೆಚ್ಚು ಚಿಂತೆ ನೀವು ಒಳಬರುವ ಹೊತ್ತಿನದು. ದೊಡ್ಡ ಎಂಜಿನ್ ಇದ್ದವರು ಮುಂದಿನ ಅಲೆಯ ಬೆನ್ನ ಮೇಲೆಯೇ ಕೂತು ಬರುತ್ತಾರೆ. ಎರಡು ಮೀಟರ್ ಆಳದಲ್ಲಿ ಅಲೆ ಗಂಟೆಗೆ ಸುಮಾರು 16 ಕಿ.ಮೀ. ಓಡುತ್ತದೆ; ನಾಲ್ವರನ್ನು ಹೊತ್ತ ನಿಮ್ಮ ದೋಣಿಗೆ ಆ ವೇಗ ಸಿಗುವುದು ಕಷ್ಟ. ಅಲೆ ಹಿಂದಿನಿಂದ ಬಂದು ಹಿಡಿಯುತ್ತದೆ. ಹಿಂಭಾಗವನ್ನು ಅಲೆಗೆ ನೇರವಾಗಿ ಹಿಡಿದು, ಜನರನ್ನು ಹಿಂದಕ್ಕೆ ಕೂರಿಸಿ, ಅಲೆ ಎತ್ತುವಾಗ ವೇಗ ಇಳಿಸಿ ಅದನ್ನು ಅಡಿಯಿಂದ ಹೋಗಲು ಬಿಡಿ. ಮೂತಿ ನೀರಿಗೆ ಚುಚ್ಚಿ ದೋಣಿ ಅಡ್ಡ ತಿರುಗಿತೋ, ಮಗುಚಿತು ಎಂದೇ ಲೆಕ್ಕ.

ಪ್ಲಗ್_ಸ್ಪ್ಯಾನರ್: ಎಂಜಿನ್ ಬಗ್ಗೆ ನಾನು ಹೇಳುತ್ತೇನೆ. ಆಯಿಲ್ ಮಿಶ್ರಣ ಮ್ಯಾನ್ಯುಯಲ್‌ನಲ್ಲಿ ಇದ್ದಂತೆ. 50:1 ಎಂದಿದ್ದರೆ 10 ಲೀಟರ್ ಪೆಟ್ರೋಲಿಗೆ 200 ಮಿ.ಲೀ. ಪೆಟ್ರೋಲನ್ನು ಮೂರು ಪಾಲು ಎಂದುಕೊಳ್ಳಿ: ಹೋಗಲು ಒಂದು ಪಾಲು, ಬರಲು ಒಂದು ಪಾಲು, ಮೂರನೆಯದನ್ನು ಮುಟ್ಟಬಾರದು. ಹತ್ತು ನಿಮಿಷ ಓಡಿ ಎಂಜಿನ್ ಸತ್ತರೆ ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ನೋಡಿ. ಅದು ಮುಚ್ಚಿದ್ದರೆ ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಉಂಡೆ) ಚಪ್ಪಟೆಯಾಗಿ ಹೀರಿಕೊಂಡಿರುತ್ತದೆ. ಅಳಿವೆಗೆ ಮೊದಲು ಹೊಳೆಯಲ್ಲೇ ಹದಿನೈದು ನಿಮಿಷ ಓಡಿಸಿ, ಪಕ್ಕದ ತೂತಿನಿಂದ ಎಂಜಿನ್ ತಣಿಸುವ ನೀರು ಬಿಡದೆ ಚಿಮ್ಮುತ್ತಿದೆಯೇ ಗಮನಿಸಿ. ಕ್ಲ್ಯಾಂಪ್ ತಿರುಪು ಬಿಗಿ ಮಾಡಿ, ಎಂಜಿನ್‌ಗೆ ಒಂದು ಸರಪಳಿಯೂ ಇರಲಿ. ಸ್ಪೇರ್ ಪ್ಲಗ್, ಸ್ಪ್ಯಾನರ್, ಸ್ಟಾರ್ಟರ್ ಹಗ್ಗ, ಎರಡು ಹುಟ್ಟು ಮರೆಯಬೇಡಿ.

ಕಡಲಂಚು: ಲಂಗರು ಮೂತಿಯಲ್ಲಿ ಸಿದ್ಧವಿರಲಿ, ಹಗ್ಗ ಆಳದ ಕನಿಷ್ಠ ಐದು ಪಟ್ಟು. ಅಳಿವೆಯಲ್ಲಿ ಎಂಜಿನ್ ನಿಂತರೆ ದಿಬ್ಬಕ್ಕೆ ಹೋಗಿ ಬೀಳದಂತೆ ತಡೆಯುವುದು ಅದೊಂದೇ. ಹಿಂಭಾಗಕ್ಕೆ ಕಟ್ಟಿದರೆ ಅಲೆ ನೇರ ದೋಣಿಯೊಳಗೆ ನುಗ್ಗುತ್ತದೆ. ಲೈಫ್ ಜಾಕೆಟ್ ದಡದಲ್ಲೇ ತೊಟ್ಟು ಪಟ್ಟಿ ಬಿಗಿಯಿರಿ, ಸೀಟಿನಡಿ ತುರುಕಬೇಡಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಮೊಬೈಲ್ ನೀರು ಹೋಗದ ಚೀಲದಲ್ಲಿ. ವಿಎಚ್‌ಎಫ್ ರೇಡಿಯೊ ಇದ್ದರೆ ಚಾನೆಲ್ 16.

ಹೊಳೆಸಾಲು: ಧನ್ಯವಾದ. ಕಿಲ್ ಸ್ವಿಚ್ ದಾರ ಎಂಜಿನ್ ನಡೆಸುವವನ ಕೈಗೇ ಕಟ್ಟಬೇಕೇ?

ಕಡಲಂಚು: ಹೌದು, ಮಣಿಕಟ್ಟಿಗೆ ಅಥವಾ ಜಾಕೆಟ್‌ಗೆ. ಅವನು ನೀರಿಗೆ ಬಿದ್ದರೆ ಕ್ಲಿಪ್ ಕಳಚಿ ಎಂಜಿನ್ ನಿಲ್ಲುತ್ತದೆ. ಆ ಕ್ಲಿಪ್ ಅವನ ಜೊತೆಗೇ ಹೋಗಿರುವುದರಿಂದ ಉಳಿದ ಮೂವರಿಗೆ ಮತ್ತೆ ಸ್ಟಾರ್ಟ್ ಮಾಡಲು ಆಗದು. ಇನ್ನೊಂದು ಕ್ಲಿಪ್ ಎಂಜಿನ್ ಪಕ್ಕದಲ್ಲೇ ಕಟ್ಟಿಟ್ಟು, ಅದನ್ನು ಹಾಕುವ ಬಗೆ ಮೂವರಿಗೂ ತೋರಿಸಿಕೊಡಿ.