ಮೊದಲ ವಾ ಪೆಡಲ್: ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ: ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ನನ್ನ ಬಳಿ ಸಿಂಗಲ್ ಕಾಯಿಲ್ ಪಿಕಪ್‌ಗಳ (ತಂತಿಯ ಕಂಪನ ಹಿಡಿಯುವ ಭಾಗಗಳ) ಎಲೆಕ್ಟ್ರಿಕ್ ಗಿಟಾರ್, ಹತ್ತು ವ್ಯಾಟ್‌ನ ಆಂಪ್, ಸದ್ದನ್ನು ಒರಟಾಗಿಸುವ ಒಂದು ಓವರ್‌ಡ್ರೈವ್ ಪೆಡಲ್ ಇವೆ. ಈಗ ಕಾಲಲ್ಲಿ ತುಳಿದಂತೆ ಗಿಟಾರಿನ ಸದ್ದನ್ನು ‘ವಾ-ವಾ’ ಎನಿಸುವ ವಾ ಪೆಡಲ್ ಮೇಲೆ ಮನಸ್ಸಾಗಿದೆ. ಇಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲಾ, ಕೀಬೋರ್ಡ್‌ಗಳಿವೆ. ವಾ ಬೇಕೆಂದರೆ ‘ತರಿಸಿಕೊಡುತ್ತೇವೆ, ಆದರೆ ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದರು. ಬೆಂಗಳೂರಿಗೇ ಹೋಗಿ ನುಡಿಸಿ ನೋಡಬೇಕೇ? ನೋಡುವುದಾದರೆ ಏನನ್ನು ನೋಡಬೇಕು? ಬಳಸಿದವರು ತಿಳಿಸಿ.

ರಸಮಂಜರಿ ತಂಡದ ಗಿಟಾರ್ ವಾದಕ, ದಾವಣಗೆರೆ

ತಂಗಿ, ನುಡಿಸಿ ನೋಡಿಯೇ ಕೊಳ್ಳಿ. ಓವರ್‌ಡ್ರೈವ್ ಆದರೆ ವಿಡಿಯೊ ಕೇಳಿ ಅಂದಾಜು ಮಾಡಬಹುದು. ವಾ ಪೆಡಲ್‌ನಲ್ಲಿ ಅರ್ಧ ಕೆಲಸ ಕಾಲಿನದು. ಬೇರೆಯವರ ಕಾಲು ಹೊರಡಿಸಿದ ಸದ್ದು ಕೇಳಿ ನಿಮಗೆ ಏನು ತಿಳಿದೀತು?

ಅಂಗಡಿಗೆ ನಿಮ್ಮ ಗಿಟಾರನ್ನೇ ಒಯ್ಯಿರಿ. ಮೊದಲು ಓವರ್‌ಡ್ರೈವ್ ಇಲ್ಲದೆ ಒಂದೇ ಸ್ವರ ಹಿಡಿದು, ಹಿಮ್ಮಡಿಯಿಂದ ಮುಂಗಾಲಿಗೆ ಬಹಳ ನಿಧಾನವಾಗಿ ತುಳಿಯಿರಿ. ಸ್ವರ ಬಾಯಿ ಮುದುಡಿದ ‘ಊ’ನಿಂದ ತೆರೆದ ‘ಆ’ವರೆಗೆ ಬಿಡುವಿಲ್ಲದೆ ಜಾರಬೇಕು. ಕೆಲವು ಪೆಡಲ್‌ಗಳಲ್ಲಿ ಬದಲಾವಣೆಯೆಲ್ಲ ಕೊನೆಯ ಅರ್ಧ ಅಂಗುಲದಲ್ಲಿ ದಡಬಡನೆ ಮುಗಿದುಹೋಗುತ್ತದೆ. ಅಂಥದ್ದು ಹೊಸಬರಿಗೆ ಬೇಡ. ಬ್ರಿಜ್ ಪಿಕಪ್ (ತಂತಿಗಳ ಬುಡದ ಹತ್ತಿರದ್ದು) ಹಾಕಿ ಪೂರ್ತಿ ತುಳಿದಾಗ ಕಿವಿಗೆ ಚುಚ್ಚುತ್ತದೆಯೇ ಎಂಬುದನ್ನೂ ನೋಡಿ. ಸಿಂಗಲ್ ಕಾಯಿಲ್‌ನಲ್ಲಿ ಈ ತೊಂದರೆ ಹೆಚ್ಚು.

ನಂತರ ನಿಂತು ನೋಡಿ. ಕ್ರೈ ಬೇಬಿಯಂಥ ಸಾಂಪ್ರದಾಯಿಕ ಪೆಡಲ್‌ಗಳಲ್ಲಿ ಆನ್-ಆಫ್ ಸ್ವಿಚ್ ಮುಂಗಾಲಿನ ಕೆಳಗಿರುತ್ತದೆ, ಮೈಭಾರ ಹಾಕಿ ಒತ್ತಿದರೆ ಮಾತ್ರ ಕ್ಲಿಕ್ ಎನ್ನುತ್ತದೆ. ಕುಳಿತು ನುಡಿಸುವವರಿಗೆ ಅದು ಸುಲಭಕ್ಕೆ ಜಗ್ಗುವುದಿಲ್ಲ. ತಮಾಷೆಯೆಂದರೆ, 1966ರಲ್ಲಿ ಥಾಮಸ್ ಆರ್ಗನ್ ಕಂಪನಿಯ ಬ್ರಾಡ್ ಪ್ಲಂಕೆಟ್ ವಾ ಸರ್ಕ್ಯೂಟನ್ನು ಮೊದಲು ಕೂರಿಸಿದ್ದು ಆರ್ಗನ್ನಿನ ವಾಲ್ಯೂಮ್ ಪೆಡಲ್ ಒಳಗೆ. ಕುಳಿತವರ ಕಾಲಿಗೆ ಮಾಡಿದ ವಸ್ತು ನಿಂತವರ ಪಾಲಾಯಿತು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಗಣಪತಿ ಪೆಂಡಾಲಿನ ವೇದಿಕೆಗೆ ಚಪ್ಪಲಿ ಬಿಟ್ಟೇ ಹತ್ತುತ್ತೇವೆ. ಬರಿಗಾಲಲ್ಲಿ ಪೆಡಲ್ ಮೇಲಿನ ರಬ್ಬರ್ ಹಾಸಿನ ಗೀರುಗಳು ಅಂಗಾಲಿಗೆ ಒತ್ತುತ್ತವೆ, ಸ್ವಿಚ್ ಎರಡು ಪಟ್ಟು ಬಿಗಿ ಎನಿಸುತ್ತದೆ. ಹಾಗಾಗಿ ಅಂಗಡಿಯಲ್ಲಿ ಶೂ ಬಿಚ್ಚಿಯೂ ಒಮ್ಮೆ ತುಳಿಯಿರಿ. ಅಂಗಡಿಯವರು ನಕ್ಕರೆ ನಗಲಿ.

ಚಿತ್ರದುರ್ಗದ ಶಿಕ್ಷಕ, ಹವ್ಯಾಸಿ ಗಿಟಾರ್ ವಾದಕ

ಮೇಲಿನ ಅಣ್ಣನವರ ಮಾತಿಗೆ ನನ್ನದೊಂದು ತಕರಾರು. ವಿದ್ಯಾರ್ಥಿನಿಗೆ ಬೆಂಗಳೂರಿನ ಓಡಾಟದ ಖರ್ಚೂ ಖರ್ಚೇ. ಜೂಮ್ ಜಿ1ಎಕ್ಸ್ ಫೋರ್‌ನಂಥ, ಪೆಡಲ್ ಜೋಡಿಸಿಯೇ ಬರುವ ಮಲ್ಟಿ-ಎಫೆಕ್ಟ್ಸ್ ಕೊಂಡರೆ ವಾ ಸಿಗುತ್ತದೆ, ಪ್ರತಿಧ್ವನಿ ಕೊಡುವ ಡಿಲೇ ಸಿಗುತ್ತದೆ, ಅಭ್ಯಾಸಕ್ಕೆ ತಾಳವೂ ಸಿಗುತ್ತದೆ. ಇಯರ್‌ಫೋನ್ ಹಾಕಿಕೊಂಡರೆ ರಾತ್ರಿ ಮನೆಯವರ ನಿದ್ದೆಯೂ ಕೆಡುವುದಿಲ್ಲ. ನಾನು ಕಲಿತದ್ದು ಅಂಥದ್ದರಲ್ಲೇ. ಪುಟ್ಟ ಪ್ಲಾಸ್ಟಿಕ್ ಪೆಡಲ್, ಕಾಲಿನ ಓಟ ಕಡಿಮೆ, ನಿಜ. ಆದರೆ ವಾ ನಿಮಗೆ ಒಗ್ಗುತ್ತದೆಯೇ ಇಲ್ಲವೇ ಎನ್ನುವುದು ತಿಳಿಯಲು ಅಷ್ಟು ಸಾಕು. ಎಷ್ಟೋ ಮಂದಿಗೆ ವಾ ಮೋಹ ಒಂದು ಮಳೆಗಾಲದಲ್ಲಿ ಇಳಿದುಹೋಗುತ್ತದೆ.

ಕಾಲನ್ನೇ ಬಳಸದ ಆಟೋ-ವಾ ಕೂಡ ಇದೆ, ತಂತಿ ಮೀಟಿದ ಬಿರುಸಿಗೆ ತಾನೇ ತೆರೆದುಕೊಳ್ಳುತ್ತದೆ. ಅದು ಬೇರೆಯೇ ರುಚಿ. ವಾ ಬೇಕೆಂದವರಿಗೆ ಅದು ಸಮಾಧಾನ ಕೊಡುವುದಿಲ್ಲ.

ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರು, ದಾವಣಗೆರೆ

ನಾನು ನುಡಿಸುವವನಲ್ಲ, ಬಿಚ್ಚಿ ಜೋಡಿಸುವವನು. ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಇದನ್ನು ಕೇಳಿ. ಪೆಡಲ್ ತುಳಿದಾಗ ಒಳಗಿನ ಹಲ್ಲುಪಟ್ಟಿಯೊಂದು ಸಣ್ಣ ಗಿಯರನ್ನು ತಿರುಗಿಸುತ್ತದೆ, ಗಿಯರ್ ಪೊಟೆನ್ಷಿಯೊಮೀಟರನ್ನು (ರೇಡಿಯೊ ವಾಲ್ಯೂಮ್ ಗುಂಡಿಯ ಕೆಳಗಿರುವಂಥ ಭಾಗವನ್ನು) ತಿರುಗಿಸುತ್ತದೆ. ಪೊಟೆನ್ಷಿಯೊಮೀಟರ್ ಒಳಗೆ ಧೂಳು ಕೂತರೆ ಇಲ್ಲವೆ ಅದರೊಳಗಿನ ಪಟ್ಟಿ ಸವೆದರೆ ತುಳಿದಾಗಲೆಲ್ಲ ಸ್ಪೀಕರಿನಲ್ಲಿ ಕರಕರ ಸದ್ದು. ಧೂಳಾದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಹೋಗುತ್ತದೆ, ಸವೆತವಾದರೆ ಪೊಟೆನ್ಷಿಯೊಮೀಟರ್ ಬದಲಿಸಬೇಕು. ಬೆಲೆ ಇಳಿಸಲು ಒಳ್ಳೆಯ ನೆಪ, ಅಷ್ಟೇ. ಪೆಡಲ್ ಕೆಟ್ಟಿದೆ ಎಂದು ಓಡಿಬರಬೇಕಿಲ್ಲ. ಪೆಡಲ್ ಬಿಟ್ಟ ಜಾಗದಲ್ಲಿ ನಿಲ್ಲದೆ ಬಿದ್ದುಹೋಗುತ್ತಿದ್ದರೆ ಕೀಲಿನ ನಟ್ ಬಿಗಿಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಾರ್ಲಿ ಕಂಪನಿಯ ವಾಗಳಲ್ಲಿ ಈ ಗಿಯರ್ ಇಲ್ಲ, ಬೆಳಕಿನಿಂದ ಕೆಲಸ ನಡೆಯುತ್ತದೆ. ಕರಕರ ಕಾಟವೂ ಇಲ್ಲ.

ಅಡಾಪ್ಟರ್ ವಿಷಯದಲ್ಲಿ ಮಾತ್ರ ಎಚ್ಚರ. ಹೆಚ್ಚಿನ ವಾಗಳಿಗೆ 9 ವೋಲ್ಟ್, ಮಧ್ಯದ ಪಿನ್ ಋಣ. ಕೀಬೋರ್ಡ್‌ಗಳ ಅಡಾಪ್ಟರ್ ಎಷ್ಟೋ ಸಲ 12 ವೋಲ್ಟ್, ಮಧ್ಯ ಧನ. ಪಿನ್ ಕೂರುತ್ತದೆ ಎಂದು ಚುಚ್ಚಿದ ಪೆಡಲ್‌ಗಳು ನನ್ನ ಮೇಜಿಗೆ ಬರುತ್ತವೆ. ಬ್ಯಾಟರಿ ಹಾಕಿದ್ದರೆ ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ. ಕೇಬಲ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹಬ್ಬದ ರಜೆಗೆ ಬೆಂಗಳೂರಿನ ಅತ್ತೆಯ ಮನೆಗೆ ಹೇಗೂ ಹೋಗುತ್ತೇವೆ, ಗಿಟಾರ್ ಜೊತೆಗೇ ಹೊರಡುತ್ತೇನೆ. ಜಿ1ಎಕ್ಸ್ ಫೋರ್ ಕೂಡ ಅಲ್ಲೇ ತುಳಿದು ನೋಡುತ್ತೇನೆ. ಇನ್ನೊಂದು ಸಂದೇಹ: ವಾ ಓವರ್‌ಡ್ರೈವ್‌ಗೆ ಮುಂಚೆ ಇರಬೇಕೇ, ನಂತರವೇ?

ರಸಮಂಜರಿ ತಂಡದ ಗಿಟಾರ್ ವಾದಕ

ರೂಢಿ ಎಂದರೆ ಗಿಟಾರ್, ವಾ, ಓವರ್‌ಡ್ರೈವ್, ಆಂಪ್. ಹೀಗಿದ್ದರೆ ಸದ್ದು ಮಾತನಾಡಿದಂತೆ ಕೇಳುತ್ತದೆ. ತಿರುಗಾಮುರುಗಾ ಮಾಡಿದರೆ ಜಾರುವಿಕೆ ಹೆಚ್ಚು ಅಬ್ಬರದ್ದು, ಸಿಂಥಸೈಜರ್ ಛಾಯೆಯದು. ಪೆಂಡಾಲಿನಲ್ಲಿ ಅದು ಹಾಡುವವರ ದನಿಯ ಮೇಲೇ ಏರಿಬರುತ್ತದೆ, ನನಗೆ ಹಿಡಿಸಿಲ್ಲ. ಮುಂದೆ ಎಂದಾದರೂ ಫಜ್ ಪೆಡಲ್ (ಓವರ್‌ಡ್ರೈವ್‌ಗಿಂತಲೂ ಒರಟು ಸದ್ದಿನದು) ತಂದರೆ ಈ ರೂಢಿಯನ್ನು ನಂಬಬೇಡಿ. ಕೆಲವು ಹಳೆಯ ಮಾದರಿಯ ಫಜ್‌ಗಳು ವಾ ನಂತರ ಕೂತರೆ ವಾ ಸದ್ದೇ ಸೊರಗುತ್ತದೆ. ಅತ್ತೆಯ ಮನೆಗೆ ಹೊರಡುವಾಗ ಓವರ್‌ಡ್ರೈವನ್ನೂ ಒಂದು ಗಿಡ್ಡ ಕೇಬಲನ್ನೂ ಚೀಲಕ್ಕೆ ಹಾಕಿಕೊಳ್ಳಿ, ಎರಡು ರೀತಿಯಲ್ಲೂ ಜೋಡಿಸಿ ಕೇಳಬಹುದು.