ಮೊದಲ ಗೌರಿ ಹಬ್ಬ: ಮೊರದ ಬಾಗಿನ ಮತ್ತು ಹದಿನಾರು ಗಂಟಿನ ದಾರದ ಬಗ್ಗೆ ಮಾಹಿತಿ ಬೇಕು

ಮಂಡ್ಯದ ತವರು:
ಮಗಳಿಗೆ ಮದುವೆಯಾದ ಮೇಲೆ ಇದು ಮೊದಲ ಗೌರಿ ಹಬ್ಬ. ಅತ್ತೆಮನೆ ಮೈಸೂರು, ಪೂಜೆ ನಮ್ಮಲ್ಲಿ ಮಂಡ್ಯದಲ್ಲಿ. ಬಾಗಿನ ಎಷ್ಟು ಕೊಡಬೇಕು? ಒಬ್ಬರು ಐದು ಅಂತಾರೆ, ಇನ್ನೊಬ್ಬರು ಹದಿನಾರು, ಮತ್ತೊಬ್ಬರು ಹತ್ತು ಮೊರ. ಮೊರದೊಳಗೆ ಏನೇನು, ಎಷ್ಟೆಷ್ಟು? ದಾರವನ್ನು ಅಂಗಡಿಯಿಂದ ತರದೆ ಮನೆಯಲ್ಲೇ ಮಾಡುವ ಆಸೆ ಇದೆ. ಇನ್ನೊಂದು ಗೊಂದಲ: ಮನೆಯಲ್ಲಿರುವ ಎರಡು ಪಂಚಾಂಗಗಳಲ್ಲಿ ಹಬ್ಬ ಬೇರೆ ಬೇರೆ ದಿನ ಬಂದಿದೆ. ತಿಳಿದವರು ದಯವಿಟ್ಟು ಹೇಳಿ.

ಅಗ್ರಹಾರ ಮೈಸೂರು:
ಮೊದಲು ಲೆಕ್ಕ ಸರಿಮಾಡಿಕೊಳ್ಳಿ. ಒಂದು ಮೊರದಲ್ಲಿ ಸಾಮಾನು ತುಂಬಿ ಇನ್ನೊಂದನ್ನು ಮೇಲೆ ಮುಚ್ಚಿದರೆ ಅದು ಒಂದು ಬಾಗಿನ. ಐದು ಬಾಗಿನಕ್ಕೆ ಹತ್ತು ಮೊರ ಬೇಕು. ನಿಮಗೆ ಐದು ಅಂದವರು, ಹತ್ತು ಮೊರ ಅಂದವರು ಹೇಳಿರುವುದು ಒಂದೇ ಮಾತು. ಮದುವೆಯಾದ ಮೊದಲ ವರ್ಷ ಹದಿನಾರು ಬಾಗಿನ ಕೊಡಿಸುವ ಮನೆತನಗಳಿವೆ, ಐದಕ್ಕೆ ನಿಲ್ಲಿಸುವವರೂ ಇದ್ದಾರೆ. ಬೀಗಿತ್ತಿಯವರನ್ನು ಒಂದು ಮಾತು ಕೇಳಿ, ಮಗಳು ಮುಂದೆ ನಡೆಸುವುದು ಅವರ ಮನೆಯ ಪದ್ಧತಿಯನ್ನೇ. ಎಷ್ಟೇ ಇರಲಿ, ಮೊದಲನೆಯದು ಗೌರಿಗೆ. ಹೆತ್ತ ತಾಯಿಗೆ ಒಂದು ಇರಲೇಬೇಕು.

ಬಿದಿರಿನ ಮೊರ ಹೊಸದಾಗಿ ಹೆಣೆದದ್ದಾದರೆ ಒಳಗೆ ಹಸಿ ಇರುತ್ತದೆ. ಹಬ್ಬಕ್ಕೆ ನಾಲ್ಕು ದಿನ ಮೊದಲೇ ತಂದು ಒಂದು ದಿನ ಬಿಸಿಲಿಗೆ ಇಡಿ. ಸಿಬಿರು ಎದ್ದಿರುವ ಅಂಚನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಬಾಗಿನ ಕೊಡುವಾಗ ರೇಷ್ಮೆ ಸೆರಗಿಗೆ ಸಿಕ್ಕಿಕೊಳ್ಳುತ್ತದೆ. ಅರಿಶಿನವನ್ನು ನೀರಲ್ಲಿ ತೆಳುವಾಗಿ ಕಲಸಿ ಬಳಿಯಬೇಕು. ದಪ್ಪಗೆ ಬಳಿದರೆ ಒಣಗಿದ ಮೇಲೆ ಉದುರಿ ಅಕ್ಕಿಗೆಲ್ಲ ಸೇರುತ್ತದೆ. ಪೂರ್ತಿ ಆರುವ ಮೊದಲೇ ಜೋಡಿಸಿ ಮುಚ್ಚಿದರೆ ಭಾದ್ರಪದದ ಮೋಡಕ್ಕೆ ಎರಡೇ ದಿನದಲ್ಲಿ ಬೂಷ್ಟು ಬರುತ್ತದೆ. ನಾಲ್ಕು ಮೂಲೆಗೆ ಕುಂಕುಮ ಇಡುವುದು ಕೊನೆಗೆ, ತುಂಬುವ ದಿನ.

ಸುಮಾರು ಹತ್ತು ಇಂಚಿನ ಮೊರಕ್ಕೆ ಕಾಲು ಕೆಜಿ ಅಕ್ಕಿ ಸಾಕು. ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ಉದ್ದಿನಬೇಳೆ, ರವೆ ತಲಾ ಐವತ್ತು ಗ್ರಾಂ. ಒಂದು ಅಚ್ಚು ಬೆಲ್ಲ, ಒಂದು ತೆಂಗಿನಕಾಯಿ, ಎಲೆ ಅಡಿಕೆ, ಹಣ್ಣು, ದಕ್ಷಿಣೆ. ಮುತ್ತೈದೆ ಸಾಮಾನಿನಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ಬಿಚ್ಚೋಲೆ, ಕರಿಮಣಿ, ಕಾಡಿಗೆ, ಬಾಚಣಿಗೆ, ಕನ್ನಡಿ, ರವಿಕೆ ಕಣ. ದೇವರಾಜ ಮಾರುಕಟ್ಟೆಯ ಸುತ್ತಿನ ಗ್ರಂಧಿಗೆ ಅಂಗಡಿಗಳಲ್ಲಿ ಇವೆಲ್ಲ ಸೆಟ್ ಕಟ್ಟಿಯೇ ಸಿಗುತ್ತವೆ, ಆದರೆ ಸೆಟ್‌ನ ಬಳೆ ಎಲ್ಲರ ಕೈಗೂ ಏರುವುದಿಲ್ಲ. ತೊಡುವವರ ಅಳತೆ ಕೇಳಿ ಬಳೆ ಬೇರೆಯೇ ತೆಗೆದುಕೊಳ್ಳಿ. ಬಾಗಿನದ ಸಾಮಾನು ಬಳಕೆಗೆ ಬರಬೇಕು, ಅಟ್ಟ ಸೇರಬಾರದು.

ಕೆಡುವುದು ಸಾಮಾನ್ಯವಾಗಿ ಬೆಲ್ಲದಿಂದ. ಅಚ್ಚು ಬೆಲ್ಲ ಬೆವೆತು ಪಕ್ಕದ ರವೆ, ಬೇಳೆ ಎಲ್ಲ ಗಂಟು ಕಟ್ಟುತ್ತವೆ, ರವಿಕೆ ಕಣದ ಮೇಲೆ ಕಲೆ ಕೂರುತ್ತದೆ. ಬೆಲ್ಲವನ್ನು ಪ್ರತ್ಯೇಕ ಪೊಟ್ಟಣದಲ್ಲಿ ಕಟ್ಟಿ ಹಬ್ಬದ ಬೆಳಿಗ್ಗೆಯೇ ಇಡಿ. ಉಪ್ಪು ಇಡುವ ಪದ್ಧತಿಯಿದ್ದರೆ ಅದೂ ಹಾಗೆಯೇ. ಕಾಯಿ ಮಧ್ಯೆ, ಧಾನ್ಯ ಸುತ್ತ, ಬಳೆ ಮತ್ತು ಕನ್ನಡಿ ರವಿಕೆ ಕಣದ ಮಡಿಕೆಯೊಳಗೆ ಇರಲಿ. ಮೇಲಿನ ಮೊರ ಕಾಯಿಗೆ ತಗುಲಿ ಅಲುಗಾಡಿದರೆ ದಾರದಿಂದ ಒಂದು ಸುತ್ತು ಕಟ್ಟಬಹುದು.

ಕೊಡುವಾಗ ಇಬ್ಬರೂ ಮೊರಕ್ಕೆ ಸೆರಗು ಹಿಡಿಯಬೇಕು. ಕೊಡುವವರು ತಮ್ಮ ಸೆರಗಿನಿಂದ ಮುಚ್ಚಿ ಚಾಚಿದರೆ ತೆಗೆದುಕೊಳ್ಳುವವರು ತಮ್ಮ ಸೆರಗೊಡ್ಡಿ ಸ್ವೀಕರಿಸುತ್ತಾರೆ. ಕೆಆರ್‌ಎಸ್ 124.80 ಅಡಿ ತುಂಬಿದಾಗ ಕಾವೇರಿಗೆ ಅರ್ಪಿಸುವುದೂ ಇದೇ ಮೊರದ ಬಾಗಿನ. ನಮ್ಮ ಸೀಮೆಯಲ್ಲಿ ಹೊಳೆಯೂ ಮನೆಮಗಳೇ.

ಗೆಜ್ಜೆವಸ್ತ್ರ:
ದಾರದ ವಿಷಯ ನಾನು ಹೇಳುತ್ತೇನೆ. ಬಿಳಿ ಹತ್ತಿ ನೂಲು ಹದಿನಾರು ಎಳೆ. ಒಂದು ಮೊಳ ಉದ್ದ ತೆಗೆದುಕೊಂಡು ಕೊನೆಗೆ ಕೈಗೆ ಸಾಲದೆ ಒದ್ದಾಡುವವರೇ ಹೆಚ್ಚು. ಹದಿನಾರು ಎಳೆಯ ಒಂದೊಂದು ಗಂಟೂ ಸುಮಾರು ಒಂದು ಸೆಂಟಿಮೀಟರ್ ನೂಲು ನುಂಗುತ್ತದೆ. ಮಣಿಕಟ್ಟಿನ ಸುತ್ತಳತೆ, ಕಟ್ಟಲು ಎರಡೂ ತುದಿಗೆ ನಾಲ್ಕು ನಾಲ್ಕು ಇಂಚು, ಅದರ ಮೇಲೆ ಈ ಗಂಟುಗಳು ಎಂದು ಕೂಡಿಸಿದರೆ ಒಂದು ಮೊಳ ಮೀರುತ್ತದೆ, ಎರಡು ಅಡಿ ತೆಗೆದುಕೊಂಡರೆ ಧಾರಾಳ. ಅರಿಶಿನದ ನೀರಲ್ಲಿ ಅದ್ದಿ, ನೆರಳಲ್ಲಿ ಅರೆಬರೆ ಆರಿದ ಮೇಲೆ ಗಂಟು ಹಾಕಿ. ತೊಪ್ಪೆ ನೆಂದಿರುವಾಗ ಹಾಕಿದರೆ ಗಂಟು ಬಿಗಿದುಕೊಳ್ಳುತ್ತದೆ. ಎಣಿಕೆ ತಪ್ಪಿದರೆ ಬಿಚ್ಚಲು ಆಗುವುದಿಲ್ಲ. ನಡುವಿನಿಂದ ಶುರುಮಾಡಿ ಆ ಕಡೆಗೆ ಎಂಟು, ಈ ಕಡೆಗೆ ಎಂಟು ಹಾಕಿದರೆ ಎಣಿಕೆಯೂ ಸುಲಭ, ಮಧ್ಯದಲ್ಲಿ ಸೇವಂತಿಗೆ ಕಟ್ಟಲು ಜಾಗವೂ ಉಳಿಯುತ್ತದೆ.

ದಾರವನ್ನು ಗೌರಿಯ ಮುಂದೆ ಎಲೆಯ ಮೇಲಿಟ್ಟು, ಗಂಟಿಗೊಂದು ನಾಮದಂತೆ ಹದಿನಾರು ನಾಮ ಹೇಳಿ ಅಕ್ಷತೆ ಹಾಕುವುದು ಗ್ರಂಥಿ ಪೂಜೆ. ಗೆಜ್ಜೆವಸ್ತ್ರವೂ ಹದಿನಾರು ಎಳೆಯದೇ. ನೈವೇದ್ಯ, ಮಂಗಳಾರತಿ, ಕಥೆ ಮುಗಿದ ಮೇಲೆ ಹಿರಿಯ ಮುತ್ತೈದೆಯೊಬ್ಬರು ಬಲಗೈಗೆ ಕಟ್ಟಲಿ. ಅನಂತನ ವ್ರತದ ಹದಿನಾಲ್ಕು ಗಂಟಿನ ದಾರವೂ ಇದೇ ಮಾಸದಲ್ಲಿ ಅಂಗಡಿಗೆ ಬಂದಿರುತ್ತದೆ. ಅಂಗಡಿಯಿಂದ ತರುವವರು ಎಣಿಸಿಯೇ ತರಬೇಕು.

ಕಥೆ ಓದದೆ ಬಿಡಬೇಡಿ, ದಾರದ ಅರ್ಥ ಇರುವುದೇ ಅಲ್ಲಿ. ಚಂದ್ರಪ್ರಭನೆಂಬ ರಾಜ ಕಾಡಿನ ಸರೋವರದ ಬಳಿ ಅಪ್ಸರೆಯರು ಈ ವ್ರತ ಮಾಡುವುದನ್ನು ಕಂಡು ತಾನೂ ಮಾಡಿ, ದಾರ ಕಟ್ಟಿಕೊಂಡು ಬರುತ್ತಾನೆ. ಹಿರಿಯ ಹೆಂಡತಿ ಸಿಟ್ಟಿನಿಂದ ಅದನ್ನು ಕಿತ್ತೆಸೆಯುತ್ತಾಳೆ. ದಾರ ಬಿದ್ದದ್ದು ಒಣಗಿದ ಮರದ ಮೇಲೆ, ಮರ ಚಿಗುರುತ್ತದೆ. ಅದನ್ನು ಕಂಡ ಕಿರಿಯಳು ದಾರವನ್ನು ತೆಗೆದು ಭಕ್ತಿಯಿಂದ ಕಟ್ಟಿಕೊಂಡು ಗಂಡನ ಪ್ರೀತಿ ಪಡೆಯುತ್ತಾಳೆ. ಹಿರಿಯಳು ಕಾಡು ಅಲೆದು ನೊಂದು ಕೊನೆಗೆ ಗೌರಿಯನ್ನೇ ಮೊರೆಹೋದಾಗ ಅವಳಿಗೂ ದೇವಿ ಒಲಿಯುತ್ತಾಳೆ. ಎಸೆದವಳನ್ನೂ ಕೈಬಿಡದ ಗೌರಿ ಅವಳು, ಆ ಭಾಗವನ್ನು ಮಗಳಿಗೆ ನಿಧಾನವಾಗಿ ಓದಿ ಹೇಳಿ. ಗೌರಿ ತವರಿಗೆ ಬರುತ್ತಾಳೆ, ಮಾರನೆಯ ದಿನ ಅಮ್ಮನನ್ನು ಕರೆದೊಯ್ಯಲು ಗಣಪ ಬರುತ್ತಾನೆ ಎಂಬುದು ನಮ್ಮ ಜನರ ನಂಬಿಕೆ. ದಾರಕ್ಕೆ ವ್ರತಕಥೆ ಆಧಾರವಾದರೆ ಬಾಗಿನಕ್ಕೆ ಈ ತವರಿನ ನಂಬಿಕೆಯೇ ಜೀವ.

ತಿಥಿ ನೋಡುವವ:
ಪಂಚಾಂಗದ ಗೊಂದಲಕ್ಕೆ: ಹಬ್ಬ ಭಾದ್ರಪದ ಶುದ್ಧ ತದಿಗೆ. ಬಿದಿಗೆ ಬೆರೆತ ತದಿಗೆ ಬಿಟ್ಟು ಚೌತಿ ಬೆರೆತ ತದಿಗೆ ಹಿಡಿಯಬೇಕು ಎಂಬುದು ನಿಯಮ. ಸೂರ್ಯೋದಯವಾದ ಮೇಲೆ ಒಂದು ಮುಹೂರ್ತ, ಅಂದರೆ 48 ನಿಮಿಷ ತದಿಗೆ ಉಳಿದಿದ್ದರೂ ಆ ದಿನವೇ ಹಬ್ಬ. ದೃಗ್ಗಣಿತದ (ಆಕಾಶದಲ್ಲಿ ಕಾಣುವ ಗ್ರಹಸ್ಥಿತಿಗೆ ಹೊಂದಿಸಿದ) ಪಂಚಾಂಗಕ್ಕೂ ಸೂರ್ಯಸಿದ್ಧಾಂತದ (ಆ ಹೆಸರಿನ ಹಳೆಯ ಗ್ರಂಥದ ಲೆಕ್ಕದ) ಪಂಚಾಂಗಕ್ಕೂ ತಿಥಿ ಮುಗಿಯುವ ವೇಳೆಯಲ್ಲಿ ಕೆಲವು ಗಂಟೆ ವ್ಯತ್ಯಾಸ ಬರುವುದುಂಟು, ಆಗ ದಿನವೇ ಬದಲಾಗುತ್ತದೆ. ಎರಡನ್ನೂ ಬೆರೆಸಬೇಡಿ. ಮನೆಯ ಪುರೋಹಿತರು ಯಾವುದನ್ನು ಅನುಸರಿಸುತ್ತಾರೋ ಅದರಂತೆ ನಡೆಯಿರಿ. ಗಣೇಶನಿಗೆ ಮಧ್ಯಾಹ್ನಕ್ಕೆ ಚೌತಿ ಇರಬೇಕು, ಆದ್ದರಿಂದ ಕೆಲವು ವರ್ಷ ಗೌರಿ, ಗಣೇಶ ಒಂದೇ ದಿನ ಬರುತ್ತಾರೆ. ಅಂಥ ವರ್ಷ ಬೆಳಿಗ್ಗೆ ಬೇಗ ಗೌರಿ ಪೂಜೆ, ಬಾಗಿನ ಮುಗಿಸಿ ಆಮೇಲೆ ಗಣಪನನ್ನು ಕೂರಿಸಿ.

ಮಂಡ್ಯದ ತವರು:
ಎಲ್ಲರಿಗೂ ನಮಸ್ಕಾರ, ತುಂಬಾ ಉಪಕಾರವಾಯಿತು. ಅರಿಶಿನದ ಗೌರಿ ಮಾಡಿದರೆ ಪೂಜೆ ಮುಗಿಯುವಷ್ಟರಲ್ಲಿ ಬಿರುಕು ಬಿಡುತ್ತದಲ್ಲ, ಅದಕ್ಕೇನು ಮಾಡುವುದು?

ಅಗ್ರಹಾರ ಮೈಸೂರು:
ನೀರು ಹೆಚ್ಚಾದದ್ದೇ ಕಾರಣ. ನೂರು ಗ್ರಾಂ ನುಣ್ಣನೆಯ ಅರಿಶಿನಕ್ಕೆ ಒಂದು ಚಮಚ ಗೋಧಿ ಹಿಟ್ಟು ಸೇರಿಸಿ, ಹಾಲನ್ನು ಚಮಚ ಚಮಚವಾಗಿ ಹಾಕುತ್ತಾ ಪೂರಿ ಹಿಟ್ಟಿನ ಗಟ್ಟಿಗೆ ಕಲಸಿ. ಬುಡ ಅಗಲ, ಎತ್ತರ ನಾಲ್ಕು ಬೆರಳು ಮೀರದಿರಲಿ. ವೀಳ್ಯದೆಲೆಯ ಮೇಲೆ ಕೂರಿಸಿ, ಫ್ಯಾನ್ ಗಾಳಿ ನೇರ ತಾಗದಂತೆ ನೋಡಿಕೊಳ್ಳಿ. ಕೂದಲೆಳೆ ಬಿರುಕು ಕಂಡರೆ ಹಾಲಲ್ಲಿ ಅದ್ದಿದ ಬೆರಳಿನಿಂದ ಸವರಿದರೆ ಮುಚ್ಚಿಕೊಳ್ಳುತ್ತದೆ. ಕಳಿಸುವ ದಿನ ಮೊಸರನ್ನದ ಬುತ್ತಿ ನೈವೇದ್ಯ ಮಾಡಿ, ಬಕೆಟ್ ನೀರಿನಲ್ಲೇ ಬಿಡಿ.