ನಗರದ ಯುದ್ಧ ಮೇಜಿನ ಮೇಲೆ: ಮಳೆಯ ನಿಯಮ ಬೇಕಾ? ರಾಕೆಟ್ ಎಷ್ಟು ಉದ್ದ ಇರಬೇಕು?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮೇಜಿನ ಮೇಲೆ ಆಡುವ ಒಂದು ಯುದ್ಧದಾಟ ಮಾಡುತ್ತಿದ್ದೇನೆ. ವಿಷಯ 1783ರ ಜನವರಿ. ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ, ಮೈಸೂರಿನವರ ಕೈಯಲ್ಲಿದ್ದ ಬಿದನೂರಿಗೆ, ಅಂದರೆ ಈಗ ನಗರ ಅಂತ ಕರೆಯುವ ನಮ್ಮ ಕಡೆಯ ಊರಿಗೆ ಬಂದ ಪ್ರಸಂಗ. ನಮ್ಮೂರಿಂದ ಅಷ್ಟು ಹತ್ತಿರ ನಡೆದದ್ದು, ಆದರೂ ಇದರ ಮೇಲೆ ಆಟ ಮಾಡಿದವರು ನನಗೆ ಸಿಕ್ಕಿಲ್ಲ. ಅದಕ್ಕೇ ಹಟ ಹಿಡಿದು ಕೂತಿದ್ದೇನೆ.

ಗೊಂಬೆಗಳು 1/72 ಅಳತೆಯವು, ಅಂದರೆ ನಿಜದ 72ರಲ್ಲಿ ಒಂದು ಪಾಲು. ಒಬ್ಬ ಸಿಪಾಯಿ ಸುಮಾರು 23 ಮಿ.ಮೀ. ಎತ್ತರ. ತಂತಿಯ ಮೇಲೆ ಎಂ-ಸೀಲ್ ಮೆತ್ತಿ ಸೂಜಿಯಿಂದ ಕೆತ್ತುತ್ತೇನೆ. ಘಾಟಿಯ ಮರಗಳಿಗೆ ಅಡಿಕೆ ಸಿಪ್ಪೆಯ ನಾರು ಬಿಡಿಸಿ ಹಸಿರು ಬಳಿದಿದ್ದೇನೆ. ದೂರದಿಂದ ನೋಡಿದರೆ ನಿಜವಾದ ಕಾಡಿನ ಹಾಗೇ ಕಾಣುತ್ತದೆ.

ತೊಂದರೆ ನಿಯಮದಲ್ಲಿ. ಮಲೆನಾಡು ಅಂದ ಮೇಲೆ ಮಳೆ ಬೇಕಲ್ವಾ ಅಂತ, ಪ್ರತಿ ಸರದಿಗೂ ದಾಳ ಎಸೆಯುವ ನಿಯಮ ಇಟ್ಟೆ. 1, 2, 3 ಬಿದ್ದರೆ ಮಳೆ. ಮದ್ದು ನೆನೆದು ಈಡು ಹಾರಲ್ಲ. ಭಾನುವಾರ ತಮ್ಮನ ಜೊತೆ ಆಡಿದೆ. ನಾಲ್ಕು ಸರದಿ ಕಳೆದರೂ ಒಂದು ಈಡೂ ಇಲ್ಲ. ಅವನು ಬೇಜಾರಾಗಿ ಎದ್ದುಬಿಟ್ಟ. ಮಳೆ ತೆಗೆದುಹಾಕಲು ನನಗೆ ಮನಸ್ಸಿಲ್ಲ. ಏನು ಮಾಡಲಿ?

ಇನ್ನೊಂದು, ಮೈಸೂರು ಸಿಪಾಯಿಗಳ ರಾಕೆಟ್‌ಗೆ ಬಾಲ್‌ಪೆನ್ ರೀಫಿಲ್ ಕತ್ತರಿಸಿ ಹಾಕಿದ್ದೇನೆ. ಸಿಪಾಯಿ ಮರದ ದಿಮ್ಮಿ ಹೊತ್ತಂತೆ ಕಾಣುತ್ತಿದೆ.

ಉತ್ತರ (ಹೊಸನಗರದಿಂದ)

ಜನವರಿಯಲ್ಲಿ ನಮ್ಮ ಕಡೆ ಎಲ್ಲಿ ಮಳೆ ಮಾರಾಯ್ರೇ? ಅಡಿಕೆ ಅಂಗಳದಲ್ಲಿ ಒಣಗುವ ಕಾಲ ಅದು. ಜನವರಿಗೆ ಬೇಕಾದದ್ದು ಮಂಜು. ಬೆಳಿಗ್ಗೆ ಘಾಟಿಯಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು, ಹತ್ತು ಮಾರು ಮುಂದೆ ಏನಿದೆ ಅಂತ ಕಾಣಲ್ಲ.

ಹೀಗೆ ಮಾಡಿ ನೋಡಿ. ಮೊದಲ ಸರದಿಯಲ್ಲಿ 4 ಇಂಚಿನಾಚೆ ಯಾರಿಗೂ ಏನೂ ಕಾಣಬಾರದು. ಪ್ರತಿ ಸರದಿಗೆ ಇನ್ನು 4 ಇಂಚು ಸೇರಿಸಿ. ಆಗ ಕಂಪನಿ ಆಡುವವನು ಯೋಚಿಸಲೇಬೇಕು. ಮಂಜಿನಲ್ಲೇ ನುಗ್ಗಿದರೆ ಘಾಟಿಯ ಮೇಲಿನ ಮೈಸೂರಿನವರ ಫಿರಂಗಿಗೆ ಸಿಗದೆ ಬಯೊನೆಟ್ (ಬಂದೂಕಿನ ತುದಿಯ ಕತ್ತಿ) ಹಿಡಿದು ಅವರ ಅಡ್ಡಗಟ್ಟೆ ತಲುಪಬಹುದು. ಆದರೆ ಕಿರಿದಾದ ದಾರಿಯಲ್ಲಿ ಎದುರು ಎಷ್ಟು ಜನ ಇದ್ದಾರೆ ಅಂತ ಗೊತ್ತಾಗಲ್ಲ. ಕಾದರೆ ಅವನಿಗೂ ಕಾಣುತ್ತದೆ, ಮೇಲಿನವರಿಗೂ ಕಾಣುತ್ತದೆ. ದಾಳ ಬೇಡ, ಎಲ್ಲಾ ಆಡುವವನ ಕೈಯಲ್ಲೇ.

ಮಳೆಯನ್ನು ಎಸೆಯಬೇಡಿ, ಎತ್ತಿಡಿ. ಅದೇ ವರ್ಷ ಏಪ್ರಿಲ್‌ನಲ್ಲಿ ಟಿಪ್ಪು ಬಂದು ನಗರದ ಕೋಟೆ ಮುತ್ತಿಗೆ ಹಾಕಿ ವಾಪಸ್ ತಗೊಂಡನಲ್ಲ, ಎರಡನೇ ಆಟ ಅದನ್ನೇ ಮಾಡಿ. ಏಪ್ರಿಲ್ ಸಂಜೆಯ ಗುಡುಗು ಮಳೆ ಕೊನೆಯ ಎರಡು ಸರದಿಗೆ ಮಾತ್ರ ಬರಲಿ.

ಉತ್ತರ (ಶಿವಮೊಗ್ಗದಿಂದ)

ರಾಕೆಟ್ ವಿಷಯಕ್ಕೆ ಊಹೆಯೇ ಬೇಡ. ನಗರದ ಹಳೇ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವಲ್ಲ, ಶಿವಪ್ಪನಾಯಕನ ಅರಮನೆ ಮ್ಯೂಸಿಯಮ್ಮಿಗೆ ಹೋಗಿ ನೋಡಿ. ತುಕ್ಕು ಹಿಡಿದ ಕಬ್ಬಿಣದ ಕೊಳವೆ, ಉದ್ದ ಸುಮಾರು ಒಂದು ಗೇಣು ಅಷ್ಟೇ. 25 ಸೆಂ.ಮೀ. ಅಂತ ಹಿಡಿದರೆ ನಿಮ್ಮ ಅಳತೆಯಲ್ಲಿ ಮೂರೂವರೆ ಮಿ.ಮೀ. ಆಯ್ತು. ಅಂದರೆ ಒಂದು ಅಕ್ಕಿಕಾಳಿಗಿಂತ ಚಿಕ್ಕದು! ಕಣ್ಣಿಗೆ ಕಾಣಬೇಕಾದ್ದು ಅದಕ್ಕೆ ಕಟ್ಟಿದ ಬಿದಿರು. ನಾಲ್ಕು ಅಡಿ ಅಂದುಕೊಂಡರೂ 17 ಮಿ.ಮೀ. ಬರುತ್ತದೆ. ತೆಂಗಿನ ಕಡ್ಡಿಯನ್ನು ಬ್ಲೇಡಿನಿಂದ ಸಣ್ಣಗೆ ಸೀಳಿ, ತುದಿಯಲ್ಲಿ ಎಂ-ಸೀಲ್ ಒಂದು ಚಿಟಿಕೆ ಹೊಸೆದು ಅಂಟಿಸಿ.

ಆದರೆ ರಾಕೆಟ್ ಗುರಿಗೆ ಸೀದಾ ಹೋಗುವ ಹಾಗೆ ನಿಯಮ ಮಾಡಬೇಡಿ. ಬಿದ್ದ ಕಡೆ ಇರುವವರು ಚದುರಬೇಕು, ಕುದುರೆ ಹೆದರಬೇಕು. ಸಾಯುವವರು ಕಮ್ಮಿ ಇದ್ದರೂ ಪರವಾಗಿಲ್ಲ.

ಉತ್ತರ (ಸಾಗರದಿಂದ)

ನಮ್ಮನೆ ಹತ್ತಿರ ಗುಡಿಗಾರರು ಶ್ರೀಗಂಧ ಕೆತ್ತುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವರು ಮೊದಲು ಮುಖಕ್ಕೆ ಕೈ ಹಾಕಲ್ಲ, ಮೈ ಯಾವ ಕಡೆ ವಾಲಿದೆ ಅನ್ನೋದನ್ನು ತೆಗೆಯುತ್ತಾರೆ. ಘಾಟಿ ಹತ್ತುವವನ ಸೊಂಟ ಮುಂದಕ್ಕೆ ಬಾಗಿರಬೇಕು. ಪೆರೇಡಿಗೆ ನಿಂತ ಹಾಗೆ ಮಾಡಬೇಡಿ.

ಮೈಸೂರಿನ ಎಲ್ಲರಿಗೂ ಹುಲಿಪಟ್ಟೆ ಅಂಗಿ ಬಳಿಯಬೇಡಿ ಅಂತಲೂ ನನ್ನ ವಿನಂತಿ. ಹೈದರ್ ತೀರಿಕೊಂಡದ್ದು 1782ರ ಡಿಸೆಂಬರ್ 7ಕ್ಕೆ. ನಿಮ್ಮ ಆಟದ ಹೊತ್ತಿಗೆ ಇನ್ನೂ ಎರಡು ತಿಂಗಳೂ ಆಗಿಲ್ಲ, ಹುಲಿಪಟ್ಟೆ ಅವನ ಮಗ ಟಿಪ್ಪುವಿನ ಗುರುತು. ಒಂದಿಬ್ಬರಿಗಾದರೂ ಕಂಬಳಿ ಕೊಪ್ಪೆ (ಮಡಚಿ ತಲೆಯ ಮೇಲಿಂದ ಹೊದೆಯುವ ಕಂಬಳಿ) ಹಾಕಿ. ಚಳಿಗೆ ಊರವರು ಹಾಕಿಕೊಳ್ಳುತ್ತಿದ್ದುದು ಅದನ್ನೇ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಮಂಜಿನ ನಿಯಮ ಹಾಕಿ ಆಡಿದೆವು. ತಮ್ಮ ಕಂಪನಿ ಕಡೆ. ಮೂರನೇ ಸರದಿಗೇ ಅಡ್ಡಗಟ್ಟೆ ದಾಟಿದ. ನನ್ನ ಫಿರಂಗಿಗೆ ಅವನು ಕಂಡಿದ್ದೇ ಆರು ಇಂಚಿನಲ್ಲಿ. ತಕ್ಷಣ ಇನ್ನೊಂದು ಆಟ ಅಂತ ಅವನೇ ಗೊಂಬೆ ಜೋಡಿಸಿದ. ತುಂಬಾ ಖುಷಿಯಾಯ್ತು. ತೆಂಗಿನ ಕಡ್ಡಿ ರಾಕೆಟ್ ಹನ್ನೆರಡು ಆಗಿವೆ. ಕಂಬಳಿಗೆ ಟಿಶ್ಯೂ ಪೇಪರನ್ನು ಫೆವಿಕಾಲ್ ನೀರಲ್ಲಿ ಅದ್ದಿ ಹೊದಿಸಿದ್ದೇನೆ, ಮಡಿಕೆ ಚೆನ್ನಾಗಿ ಕೂತಿದೆ. ಸಾಗರದವರೇ, ಕೊಪ್ಪೆಯ ತುದಿ ತಲೆಯ ಮೇಲೆ ಚೂಪಾಗಿ ನಿಲ್ಲಬೇಕಾ, ಹಿಂದಕ್ಕೆ ಬೀಳಬೇಕಾ? ಬಣ್ಣ ಬಳಿಯುವ ಮೊದಲು ಹೇಳಿ.